ಮುಡಿ ಅಕ್ಕಿಯಿಂದ ಕಿಲೋ ಅಕ್ಕಿಯವರೆಗೆ
(ಕಾಸರಗೋಡು ಸೀಮೆಯ ಅಳತೆಗಳ ಚರಿತ್ರೆ)

ಕಾಸರಗೋಡು ಸೀಮೆಯ ಹಳೆಯ ದೇವಸ್ಥಾನಗಳ ಉಗ್ರಾಣದ ಮೂಲೆಯಲ್ಲಿ ಒಂದು ಕಳಸೆ, ಒಂದು ಸೇರು, ಒಂದು ಪಾವು ಇಂದಿಗೂ ಕಾಣಸಿಗುವುದುಂಟು. ಉತ್ಸವದ ದಿನಗಳಲ್ಲಿ ಅವುಗಳನ್ನು ತೊಳೆದು ಒರಸಿ ಇಡುತ್ತಾರೆ. ಆದರೆ ಈಗ ಅಕ್ಕಿ ಬರುವುದು ಚೀಲದಲ್ಲಿ, ತೂಗುವುದು ಇಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ರಶೀದಿ ಬರೆಯುವುದು ಕಿಲೋ ಲೆಕ್ಕದಲ್ಲಿ. ದೇವಸ್ಥಾನಗಳ ಹಳೆಯ ಕಡತಗಳನ್ನು ಬಿಚ್ಚಿದರೆ ಮಾತ್ರ ಬೇರೆಯೇ ಭಾಷೆ ಕಾಣುತ್ತದೆ. ನೈವೇದ್ಯಕ್ಕೆ ಇಷ್ಟು ಸೇರು ಅಕ್ಕಿ, ನಂದಾದೀಪಕ್ಕೆ ಇಷ್ಟು ಕುಡ್ತೆ ಎಣ್ಣೆ, ಗೇಣಿ ಇಷ್ಟು ಮುಡಿ, ದೇವರ ಆಭರಣ ಇಷ್ಟು ತೊಲ ಎಂಬ ಲೆಕ್ಕವನ್ನು ಇಂದಿನ ತರುಣರು ಓದಬಲ್ಲರಾದರೂ ಅದರ ಅರ್ಥ ಅವರಿಗೆ ತಿಳಿಯುವುದಿಲ್ಲ. ಹಿರಿಯರು ದೇವರಿಗೆ ಹೇಳಿಕೊಂಡ ಹರಕೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಅದನ್ನು ಸಲ್ಲಿಸುವುದಾದರೂ ಹೇಗೆ? ಆದುದರಿಂದ ಈ ಅಳತೆಗಳ ಚರಿತ್ರೆಯನ್ನು ಭಕ್ತಾದಿಗಳು ತಿಳಿದುಕೊಳ್ಳುವುದು ಅಗತ್ಯ.

ಪ್ರಾಚೀನ ಕಾಲದಲ್ಲಿ ಅಳತೆ

ಭಾರತ ದೇಶದಲ್ಲಿ ಅಳತೆ ಮತ್ತು ತೂಕವನ್ನು ಧರ್ಮದ ವಿಷಯವೆಂದೂ ರಾಜನ ಹೊಣೆಯೆಂದೂ ತಿಳಿಯಲಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಮತ್ತು ಅಳತೆಗಳನ್ನು ನೋಡಿಕೊಳ್ಳಲು ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನೇ ಹೇಳಿದೆ. ತೂಕದ ಕಲ್ಲುಗಳನ್ನು ಕಬ್ಬಿಣದಿಂದ ಅಥವಾ ಮಗಧ, ಮೇಕಲ ದೇಶಗಳ ಶಿಲೆಯಿಂದ ಮಾಡಬೇಕು. ನೀರು ತಾಗಿದರೆ ಹೆಚ್ಚಾಗದ, ಬಿಸಿ ತಾಗಿದರೆ ಕಡಿಮೆಯಾಗದ ವಸ್ತುವಾಗಿರಬೇಕು ಎಂಬುದು ಅಲ್ಲಿನ ನಿಯಮ. ನಾಲ್ಕು ತಿಂಗಳಿಗೊಮ್ಮೆ ಅವುಗಳಿಗೆ ಮುದ್ರೆ ಹಾಕಿಸಿಕೊಳ್ಳಬೇಕು, ತಪ್ಪಿದವರಿಗೆ ದಂಡವಿತ್ತು. ಇಂದು ಅಂಗಡಿಯ ತೂಕದ ಕಲ್ಲಿನ ಅಡಿಯಲ್ಲಿ ಸೀಸ ತುಂಬಿಸಿ ಸರಕಾರದ ಮುದ್ರೆ ಒತ್ತುವ ಪದ್ಧತಿಗೆ ಇಷ್ಟು ಹಳೆಯ ಬೇರಿದೆ.

ಕನ್ನಡ ನಾಡಿನಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ನೆಲ, ಕಾಲ, ಧಾನ್ಯ, ಚಿನ್ನ, ಬೆಳ್ಳಿಗಳ ಅಳತೆಗಳನ್ನು ಮೊದಲಿಗೇ ಹೇಳಿ ಆಮೇಲೆ ಲೆಕ್ಕಕ್ಕೆ ತೊಡಗುತ್ತಾನೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ರಚಿಸಿದನು. ವ್ಯಾಪಾರಿಗೂ ಶಾನುಭೋಗನಿಗೂ ಬೇಕಾದ ಲೆಕ್ಕ ಅವರ ಮಾತಿನಲ್ಲೇ ಸಿಗಬೇಕೆಂಬ ತಿಳುವಳಿಕೆ ಅಂದೇ ಇತ್ತೆಂಬುದಕ್ಕೆ ಇದು ಸಾಕ್ಷಿ. ಘಟ್ಟದ ಮೇಲಿನ ಶಾಸನಗಳಲ್ಲಿ ಮಾನ, ಬಳ್ಳ, ಕೊಳಗ, ಖಂಡುಗಗಳು ಬರುತ್ತವೆ; 20 ಕೊಳಗ ಸೇರಿದರೆ ಒಂದು ಖಂಡುಗ. ತುಳುನಾಡಿನ ಶಾಸನಗಳಲ್ಲಿ ದೇವರ ಅಮೃತಪಡಿಗೆ, ಬ್ರಾಹ್ಮಣ ಭೋಜನಕ್ಕೆ ಬಿಟ್ಟ ಅಕ್ಕಿಯನ್ನು ಮೂಡೆ ಮತ್ತು ಹಾನೆಗಳಲ್ಲಿ ಬರೆದಿದ್ದಾರೆ. ಆ ಮೂಡೆಯೇ ಇಂದಿನ ಮುಡಿ. ದಾನದ ಪ್ರಮಾಣವನ್ನು ಕಲ್ಲಿನಲ್ಲಿ ಕೆತ್ತಿಸಿ, ಅದಕ್ಕೆ ತಪ್ಪಿದವರಿಗೆ ಗೋಹತ್ಯೆಯ ಪಾಪ ತಟ್ಟುವುದೆಂದು ಶಾಪವನ್ನೂ ಬರೆಸುತ್ತಿದ್ದರು. ಅಳತೆಯಲ್ಲಿ ಕಡಿಮೆ ಮಾಡುವುದನ್ನು ಹಿರಿಯರು ಎಂತಹ ಪಾಪವೆಂದು ತಿಳಿದಿದ್ದರೆಂಬುದು ಇದರಿಂದ ಗೊತ್ತಾಗುತ್ತದೆ.

ಸೀಮೆಯ ಸೇರು, ಕಳಸೆ, ಮುಡಿ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಅಂದು ಅದರ ತಾಲೂಕಾಗಿದ್ದ ಕಾಸರಗೋಡಿನಲ್ಲಿಯೂ, ಅಕ್ಕಿಯ ಲೆಕ್ಕ ಹೀಗಿತ್ತು. 14 ಸೇರಿಗೆ ಒಂದು ಕಳಸೆ. 3 ಕಳಸೆಗೆ, ಅಂದರೆ 42 ಸೇರಿಗೆ, ಒಂದು ಮುಡಿ. ಸೇರಿನ ಕೆಳಗೆ ಅರೆ ಸೇರು, ಪಾವು, ಎಣ್ಣೆ ಹಾಲುಗಳಿಗೆ ಕುಡ್ತೆ. ಮುಡಿ ಎಂಬುದು ಬರಿಯ ಲೆಕ್ಕದ ಹೆಸರಲ್ಲ. ಬೈಹುಲ್ಲನ್ನು ಹರಡಿ, ಅದರೊಳಗೆ ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು ಬಡಿದು ಚೆಂಡಿನಂತೆ ಉರುಟಾಗಿ ಕಟ್ಟಿದ ಕಟ್ಟೇ ಮುಡಿ. ಚೆನ್ನಾಗಿ ಕಟ್ಟಿದ ಮುಡಿಯಲ್ಲಿ ಅಕ್ಕಿ ಮಳೆಗಾಲವನ್ನು ದಾಟಿ ಕೆಡದೆ ಉಳಿಯುತ್ತಿತ್ತು. ಮುಡಿ ಕಟ್ಟುವುದೂ ಒಂದು ವಿದ್ಯೆ. ಅದನ್ನು ಬಲ್ಲವರು ಈಗ ವಿರಳ.

ನೆಲವನ್ನು ಕೂಡ ಮುಡಿಯಿಂದಲೇ ಅಳೆಯುತ್ತಿದ್ದರು. ಒಂದು ಮುಡಿ ಬೀಜ ಬಿತ್ತುವಷ್ಟು ಗದ್ದೆ ಒಂದು ಮುಡಿ ಗದ್ದೆ ಎನಿಸುತ್ತಿತ್ತು. ಅಡಿಕೆ, ಕೊಬ್ಬರಿಗಳ ದೊಡ್ಡ ವ್ಯಾಪಾರ ಮಣ ಮತ್ತು ಖಂಡಿಯಲ್ಲಿ. 20 ಮಣಕ್ಕೆ ಒಂದು ಖಂಡಿ. ಚಿನ್ನಕ್ಕೆ ಗುಲಗಂಜಿ ಮತ್ತು ತೊಲ. ಅಂಗಡಿಯ ತೂಕದಲ್ಲಿ 24 ತೊಲದ ಕಚ್ಚಾ ಸೇರು ಒಂದು, 80 ತೊಲದ ಪಕ್ಕಾ ಸೇರು ಇನ್ನೊಂದು, ಇಂಗ್ಲಿಷರ ರಾತಲು ಮತ್ತೊಂದು.

ಚಂದ್ರಗಿರಿ ಹೊಳೆ ದಾಟಿ ಮಲಯಾಳ ಸೀಮೆಗೆ ಹೋದರೆ ಲೆಕ್ಕವೇ ಬದಲು. ಅಲ್ಲಿ 4 ನಾಳಿಗೆ ಒಂದು ಇಡಂಗಳಿ, 10 ಇಡಂಗಳಿಗೆ ಒಂದು ಪರ. ದೇವರ ಮುಂದೆ ಪರದ ತುಂಬ ಭತ್ತ ತುಂಬಿಸಿ ಇಡುವ ಪರ ಸೇವೆ ಅಲ್ಲಿನ ದೇವಸ್ಥಾನಗಳಲ್ಲಿ ಪ್ರಸಿದ್ಧ. ಎರಡೂ ಕಡೆ ವ್ಯವಹಾರವಿದ್ದ ವ್ಯಾಪಾರಿ ಎರಡೂ ಲೆಕ್ಕವನ್ನು ಬಾಯಲ್ಲಿ ಇಟ್ಟುಕೊಳ್ಳಬೇಕಾಗಿತ್ತು.

ಧಾನ್ಯವನ್ನು ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನದೆ 'ಲಾಭ' ಎನ್ನುವ ಪದ್ಧತಿ ಇತ್ತು. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು. ಕೊಡುವವನಿಗೂ ಕೊಳ್ಳುವವನಿಗೂ ಒಳ್ಳೆಯದಾಗಲಿ ಎಂಬ ಆಶಯ ಅದರಲ್ಲಿದೆ.

ಹಳೆಯದರಲ್ಲಿದ್ದ ತೊಡಕು

ಹಳೆಯದೆಲ್ಲ ಒಳ್ಳೆಯದೇ ಆಗಿತ್ತೆಂದು ತಿಳಿಯಬಾರದು. ಸೇರು ಎಂಬ ಹೆಸರು ಒಂದೇ ಆದರೂ ಊರಿಗೊಂದು ಸೇರು, ಪದಾರ್ಥಕ್ಕೊಂದು ಸೇರು ಇತ್ತು. 1800-1801ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ತನ್ನ ಪ್ರವಾಸ ಗ್ರಂಥದಲ್ಲಿ ಊರೂರಿನ ತೂಕ ಅಳತೆಗಳನ್ನು ಬೇರೆ ಬೇರೆಯಾಗಿಯೇ ಬರೆದುಕೊಳ್ಳಬೇಕಾಯಿತು. ಸೇರನ್ನು ತುಂಬಿ ತಲೆ ಸವರಿದರೆ ಒಂದು ಲೆಕ್ಕ, ಮೇಲೆ ರಾಶಿ ನಿಲ್ಲುವಂತೆ ಅಳೆದರೆ ಇನ್ನೊಂದು ಲೆಕ್ಕ. ಕೈ ಬಿಗಿ ಹಿಡಿದು ಸುರಿದರೆ ಕಾಳು ಸಡಿಲವಾಗಿ ಕೂರುತ್ತದೆ, ಸೇರನ್ನು ಕುಲುಕಿದರೆ ಒತ್ತಾಗಿ ಕೂರುತ್ತದೆ. ಗೇಣಿ ಅಳೆದುಕೊಳ್ಳುವ ಸೇರು ದೊಡ್ಡದು, ಕೂಲಿ ಅಳೆದುಕೊಡುವ ಸೇರು ಸಣ್ಣದು ಎಂಬ ಬಡವರ ದೂರು ಹಿಂದಿನವರ ಮಾತಿನಲ್ಲಿ ಕೇಳಿಬರುತ್ತಿತ್ತು. ಅಳತೆ ಯಾರ ಕೈಯಲ್ಲಿದೆಯೋ ಅವರ ಕಡೆಗೆ ಅದು ವಾಲುತ್ತಿತ್ತು.

ಬ್ರಿಟಿಷ್ ಸರಕಾರವು ಈ ಗೊಂದಲವನ್ನು ಸರಿಪಡಿಸಲು ಪ್ರಯತ್ನಿಸಲಿಲ್ಲವೆಂದಲ್ಲ. ಕಿಲೋಗ್ರಾಮಿಗೆ ಸಮನಾದ ಒಂದು ಹೊಸ ಸೇರನ್ನು ದೇಶಕ್ಕೆಲ್ಲ ತರಬೇಕೆಂದು 1871ರಲ್ಲಿಯೇ ಕಾನೂನು ಆಯಿತು. ಆದರೆ ಅದು ಕಾಗದದಲ್ಲೇ ಉಳಿಯಿತು. 1939ರ ಕಾನೂನು 180 ಗ್ರೈನಿಗೆ ಒಂದು ತೊಲ, 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ ಎಂದು ನಿಗದಿ ಮಾಡಿತು. ಹಳ್ಳಿಯ ಅಂಗಡಿಯಲ್ಲಿ ಮಾತ್ರ ಹಳೆಯದೇ ನಡೆಯುತ್ತಿತ್ತು.

ಮೀಟರ್ ಹುಟ್ಟಿದ ಬಗೆ

ಇದೇ ಗೊಂದಲ ಯುರೋಪಿನಲ್ಲಿಯೂ ಇತ್ತು. ಫ್ರಾನ್ಸಿನಲ್ಲಿ 1789ರ ಕ್ರಾಂತಿಯ ಹೊತ್ತಿಗೆ ಜನರು ಕೇಳಿಕೊಂಡ ಬೇಡಿಕೆಗಳಲ್ಲಿ ಒಂದೇ ಅಳತೆ ಬೇಕೆಂಬುದೂ ಸೇರಿತ್ತು. ಯಾವ ದೊರೆಯ ಕೈಕಾಲಿನ ಅಳತೆಯೂ ಬೇಡ, ಎಲ್ಲರಿಗೂ ಸಮಾನಳಾದ ಭೂಮಿತಾಯಿಯಿಂದಲೇ ಅಳತೆಯನ್ನು ತೆಗೆಯೋಣ ಎಂದು ಅಲ್ಲಿನ ಪಂಡಿತರು ನಿರ್ಧರಿಸಿದರು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯ ಒಂದು ಪಾಲನ್ನು ಮೀಟರ್ ಎಂದು ಕರೆದರು. ಅದನ್ನು ಗೊತ್ತುಮಾಡಲು ದೆಲಾಂಬ್ರ್ ಮತ್ತು ಮೆಶೆಂ ಎಂಬಿಬ್ಬರು 1792ರಿಂದ 1798ರ ತನಕ ಡಂಕರ್ಕಿನಿಂದ ಬಾರ್ಸಿಲೋನಾದವರೆಗೆ ನೆಲವನ್ನು ಅಳೆದರು. ಒಂದು ಲೀಟರ್ ನೀರಿನ ತೂಕವೇ ಒಂದು ಕಿಲೋಗ್ರಾಂ ಆಯಿತು. ಎಲ್ಲವೂ ಹತ್ತು ಹತ್ತರ ಲೆಕ್ಕ. ಹತ್ತರ ಸ್ಥಾನಮೌಲ್ಯ ಮತ್ತು ಸೊನ್ನೆಯ ಬಳಕೆಯನ್ನು ಲೋಕಕ್ಕೆ ಕೊಟ್ಟದ್ದು ಭಾರತವೇ ಆದ್ದರಿಂದ, ಮೆಟ್ರಿಕ್ ಪದ್ಧತಿಯನ್ನು ಪೂರ್ತಿ ಪರದೇಶದ್ದೆಂದು ಹೇಳಲಾಗದು.

1875ರಲ್ಲಿ 17 ದೇಶಗಳು ಸೇರಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತವು ಅದರಲ್ಲಿ ಸೇರಿದ್ದು 1957ರಲ್ಲಿ. ಭಾರತಕ್ಕೆ ದೊರೆತ 57ನೇ ಸಂಖ್ಯೆಯ ಕಿಲೋಗ್ರಾಂ ಬಟ್ಟು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಲೋಹದ ಬಟ್ಟೂ ಕಾಲಕ್ರಮದಲ್ಲಿ ಅಣುವಿನಷ್ಟು ವ್ಯತ್ಯಾಸವಾಗಬಹುದೆಂದು, 2019ರ ಮೇ 20ರಿಂದ ಕಿಲೋಗ್ರಾಮಿಗೆ ಪ್ರಕೃತಿಯ ಬದಲಾಗದ ಸಂಖ್ಯೆಯೊಂದನ್ನೇ ಆಧಾರವಾಗಿ ಇಟ್ಟಿದ್ದಾರೆ. ನೀರಿಗೂ ಬಿಸಿಗೂ ಬದಲಾಗದ ತೂಕ ಬೇಕೆಂದ ಕೌಟಿಲ್ಯನ ಮಾತು ಇಲ್ಲಿ ನೆನಪಿಗೆ ಬರುತ್ತದೆ.

ಐದಾರು ವರ್ಷಗಳಲ್ಲಿ ಮೂರು ಬದಲಾವಣೆ

ಸ್ವಾತಂತ್ರ್ಯಾನಂತರ ಕಾಸರಗೋಡಿನ ಕನ್ನಡಿಗರ ಬಾಳಿನಲ್ಲಿ ಮೂರು ಬದಲಾವಣೆಗಳು ಒಂದರ ಹಿಂದೆ ಒಂದು ಬಂದವು. 1956ರ ನವೆಂಬರ್ 1ರಂದು ಮದ್ರಾಸು ರಾಜ್ಯದಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಐದು ತಿಂಗಳಲ್ಲಿ, 1957ರ ಏಪ್ರಿಲ್ 1ರಂದು, ನಯಾಪೈಸೆ ಬಂತು. 1956ರ ಕೊನೆಯಲ್ಲಿ ಪಾಸಾಗಿದ್ದ ತೂಕ ಅಳತೆಗಳ ಕಾನೂನು 1958ರ ಅಕ್ಟೋಬರ್ 1ರಿಂದ ಹಂತ ಹಂತವಾಗಿ ಜಾರಿಗೆ ಬಂತು. 1962ರ ಹೊತ್ತಿಗೆ ವ್ಯಾಪಾರದಲ್ಲಿ ಮೆಟ್ರಿಕ್ ತೂಕ ಕಡ್ಡಾಯವಾಯಿತು. ಅಂದರೆ ಐದಾರು ವರ್ಷಗಳಲ್ಲಿ ಜನರ ರಾಜ್ಯ ಬೇರೆಯಾಯಿತು, ಕಿಸೆಯ ದುಡ್ಡು ಬೇರೆಯಾಯಿತು, ಅಂಗಡಿಯ ಕಲ್ಲು ಬೇರೆಯಾಯಿತು. ಕಚೇರಿಯ ಭಾಷೆಯೂ ಕ್ರಮೇಣ ಬೇರೆಯಾಯಿತು. ಇಷ್ಟೆಲ್ಲ ಬದಲಾದಾಗಲೂ ಅನೇಕ ದೇವಸ್ಥಾನಗಳ ಲೆಕ್ಕಪುಸ್ತಕದಲ್ಲಿ ಕನ್ನಡವೂ ಸೇರು ಮುಡಿಗಳೂ ಇನ್ನೂ ಕೆಲವು ಕಾಲ ಜೊತೆಯಾಗಿಯೇ ಉಳಿದವು.

ದುಡ್ಡಿನ ಲೆಕ್ಕ ಜನರಿಗೆ ಮೊದಲ ಪರೀಕ್ಷೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಬೆಳೆದವರಿಗೆ ನೂರು ನಯಾಪೈಸೆ ಹೊಸದು. ನಾಲ್ಕಾಣೆಗೆ 25, ಎಂಟಾಣೆಗೆ 50 ಎಂಬುದು ಸುಲಭ. ಒಂದಾಣೆಗೆ ಆರೂಕಾಲು ಬರಬೇಕು; ಕಾಲು ಪೈಸೆ ಇಲ್ಲದ್ದರಿಂದ 6 ಎಂದು ಗೊತ್ತುಮಾಡಿದರು. ಮೂರಾಣೆಗೆ ಹದಿನೆಂಟೂ ಮುಕ್ಕಾಲು ಬರಬೇಕಾದಲ್ಲಿ 19 ಎಂದರು. ದಿನಕ್ಕೊಂದಾಣೆಯ ವ್ಯಾಪಾರ ಮಾಡುವವರಿಗೆ ಹದಿನಾರು ದಿನಕ್ಕೆ 96 ಪೈಸೆ ಆಗುತ್ತಿತ್ತು. ರೂಪಾಯಿಗೆ 4 ಪೈಸೆಯ ವ್ಯತ್ಯಾಸ. ಬಡವರಿಗೆ ಅದು ಸಣ್ಣದಲ್ಲ. 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆ ಕಳೆದುಕೊಂಡಿತು. ಆದರೂ ನಾಲ್ಕಾಣೆ, ಎಂಟಾಣೆ ಎಂಬ ಮಾತು ಹಿರಿಯರ ಬಾಯಲ್ಲಿ ಉಳಿದಿದೆ.

ತೂಕದ ಪರೀಕ್ಷೆ ಇನ್ನೂ ಕಷ್ಟದ್ದು. 80 ತೊಲದ ಸೇರು 933 ಗ್ರಾಂ; ಕಿಲೋ ಅದಕ್ಕಿಂತ 67 ಗ್ರಾಂ ಹೆಚ್ಚು. ಸೇರಿಗೆ ಒಂದು ರೂಪಾಯಿ ಇದ್ದ ಸಾಮಾನಿಗೆ ಕಿಲೋಗೆ ಒಂದು ರೂಪಾಯಿ 7 ಪೈಸೆ ತೆಗೆದುಕೊಂಡರೆ ನ್ಯಾಯ. ಒಂದೂಕಾಲು ತೆಗೆದುಕೊಂಡರೆ ಅನ್ಯಾಯ. ಲೆಕ್ಕ ಬಾರದ ಗಿರಾಕಿಗೆ ಅದು ತಿಳಿಯುವುದೂ ಇಲ್ಲ. ಅಂಗಡಿಗಳ ಗೋಡೆಯಲ್ಲಿ ಆ ಕಾಲದಲ್ಲಿ ತೂಗಿದ ಹೋಲಿಕೆಯ ಪಟ್ಟಿಗಳು ಓದಬಲ್ಲವರಿಗೆ ಸಹಾಯವಾದವು. ಓದಲು ಬಾರದವರಿಗೆ ಅಂಗಡಿಯವನ ಪ್ರಾಮಾಣಿಕತೆಯೇ ಪಟ್ಟಿ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿತ್ತು. ಅಕ್ಕಿಯ ಸೇರು ಪಾತ್ರೆಯ ಅಳತೆ, ಕಿಲೋ ತೂಕದ ಅಳತೆ. ಒಂದೇ ಸೇರಿನಲ್ಲಿ ಅಳೆದರೂ ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ, ಅವಲಕ್ಕಿ, ಹೆಸರು ಇವುಗಳ ತೂಕ ಒಂದೇ ಅಲ್ಲ. ಕಣ್ಣಿಗೆ ಕಾಣುವ ರಾಶಿಯನ್ನು ನಂಬಿದ ತಾಯಂದಿರು ತಕ್ಕಡಿಯ ಮುಳ್ಳನ್ನು ನಂಬಲು ಕಲಿಯಬೇಕಾಯಿತು. ಅನೇಕ ಮನೆಗಳಲ್ಲಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದ ಅಕ್ಕಿಯನ್ನು ಒಲೆಗೆ ಹಾಕುವಾಗ ಇಂದಿಗೂ ಪಾವಿನಲ್ಲಿಯೇ ಅಳೆಯುತ್ತಾರೆ. ದೇವಸ್ಥಾನದ ನೈವೇದ್ಯದ ಅಕ್ಕಿಗೂ ಅದೇ ಕ್ರಮ ಹಲವು ಕಡೆ ಇದೆ. ಅದರಲ್ಲಿ ತಪ್ಪಿಲ್ಲ, ಪಾತ್ರೆಗೂ ನೀರಿಗೂ ಹೊಂದುವುದು ಪಾತ್ರೆಯ ಅಳತೆಯೇ.

ಶಾಲೆಯ ಮಕ್ಕಳು ಬೇಗ ಕಲಿತರು. ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನು ಬಾಯಿಪಾಠ ಮಾಡುತ್ತಿದ್ದ ಜಾಗದಲ್ಲಿ ಕಿಲೋ, ಹೆಕ್ಟೋ, ಡೆಕಾ, ಡೆಸಿ, ಸೆಂಟಿ, ಮಿಲಿ ಎಂಬ ಹೊಸ ಪಾಠ ಬಂತು. ಸಂಜೆ ಮನೆಗೆ ಬಂದ ಮಕ್ಕಳೇ ಅಜ್ಜಿಯಂದಿರಿಗೆ ಲೆಕ್ಕ ಹೇಳಿಕೊಟ್ಟರು.

ಮುಡಿ ಗೇಣಿಯ ಕೊನೆ

ದೇವಸ್ಥಾನಗಳಿಗೆ ಮುಡಿಯ ಲೆಕ್ಕ ನಿಂತದ್ದು ತೂಕದ ಕಾನೂನಿನಿಂದ ಮಾತ್ರವಲ್ಲ. ಕೇರಳದ 1963ರ ಭೂಸುಧಾರಣಾ ಕಾನೂನಿಗೆ 1969ರಲ್ಲಿ ತಿದ್ದುಪಡಿಯಾಗಿ 1970ರ ಜನವರಿ 1ರಂದು ಗೇಣಿ ಪದ್ಧತಿ ರದ್ದಾಯಿತು. ಉಳುವವರಿಗೆ ಭೂಮಿ ದೊರೆಯಿತು, ಅದು ನ್ಯಾಯವೇ. ದೇವಸ್ಥಾನದ ಅಂಗಳಕ್ಕೆ ಗೇಣಿ ಅಕ್ಕಿಯ ಮುಡಿಗಳು ಬರುವುದು ನಿಂತಿತು. ಆಮೇಲೆ ದೇವಸ್ಥಾನಗಳು ನಡೆದದ್ದು ಭಕ್ತರ ಕಾಣಿಕೆ, ಸೇವೆ ಮತ್ತು ಹೊರೆಕಾಣಿಕೆಗಳಿಂದ. ಹಿಂದೆ ಕಡ್ಡಾಯವಾಗಿ ಬರುತ್ತಿದ್ದ ಅಕ್ಕಿ ಈಗ ಭಕ್ತಿಯಿಂದ ಬರುತ್ತದೆ ಎಂದು ತಿಳಿದರೆ ನಷ್ಟಕ್ಕಿಂತ ಲಾಭವೇ ದೊಡ್ಡದು.

ಹಳೆಯ ಕಡತ ಓದುವವರಿಗೆ

ಮನೆಯಲ್ಲಿರುವ ಹಳೆಯ ಹರಕೆ ಚೀಟಿ, ಪಾಲುಪಟ್ಟಿ, ಕ್ರಯಪತ್ರಗಳನ್ನು ಓದುವವರಿಗೆ ಅನುಕೂಲವಾಗಲೆಂದು ಕೆಲವು ಲೆಕ್ಕಗಳನ್ನು ಕೆಳಗೆ ಕೊಡಲಾಗಿದೆ.

1 ತೊಲ = 11.66 ಗ್ರಾಂ
1 ಪಕ್ಕಾ ಸೇರು (80 ತೊಲ) = 933.10 ಗ್ರಾಂ
1 ಕಚ್ಚಾ ಸೇರು (24 ತೊಲ) = ಸುಮಾರು 280 ಗ್ರಾಂ
1 ಮಣ (1939ರ ಕಾನೂನಿನ 40 ಸೇರು) = 37.32 ಕಿಲೋ
1 ರಾತಲು = 453.6 ಗ್ರಾಂ
1 ಪವನು = ಸುಮಾರು 8 ಗ್ರಾಂ
1 ಗಜ = 91.44 ಸೆಂಟಿಮೀಟರ್
1 ಮೈಲು = 1.609 ಕಿಲೋಮೀಟರ್
1 ಎಕರೆ = 100 ಸೆಂಟ್ಸ್; 1 ಸೆಂಟ್ಸ್ = 40.47 ಚದರ ಮೀಟರ್
1 ಹೆಕ್ಟೇರ್ = 2.471 ಎಕರೆ

ಅಕ್ಕಿಯ ಒಂದು ಸೇರಿಗೆ 80 ತೊಲ ತೂಕವೆಂದು ಹಿಡಿದರೆ 42 ಸೇರಿನ ಒಂದು ಮುಡಿಗೆ 39 ಕಿಲೋ 190 ಗ್ರಾಂ ಆಗುತ್ತದೆ. ವರ್ಷಕ್ಕೊಂದು ಮುಡಿ ಅಕ್ಕಿ ಒಪ್ಪಿಸುವುದಾಗಿ ಹಿರಿಯರು ಹೇಳಿಕೊಂಡ ಹರಕೆಗೆ, ಮುಡಿ ಎಂದರೆ ಒಂದು ಚೀಲ ಎಂದು ತಿಳಿದು 25 ಕಿಲೋ ಚೀಲ ತಂದಿಟ್ಟರೆ 14 ಕಿಲೋ ಕಡಿಮೆಯಾಯಿತು. ಕೊಡುವವರ ಮನಸ್ಸಿನಲ್ಲಿ ವಂಚನೆ ಇಲ್ಲ. ಅಳತೆಯ ಅರ್ಥ ಮರೆತುಹೋದುದರ ಫಲ ಅದು. ಶಕ್ತಿ ಇಲ್ಲದಿದ್ದರೆ ದೇವರಲ್ಲಿ ಹೇಳಿಕೊಂಡು ಕಡಿಮೆ ಮಾಡಬಹುದು. ತಿಳಿಯದೆ ಕಡಿಮೆಯಾಗುವುದು ಮಾತ್ರ ಬೇಡ.

ಇಂದಿಗೂ ಉಳಿದಿರುವುದು

ಮೆಟ್ರಿಕ್ ಬಂದು ಅರುವತ್ತು ವರ್ಷಗಳು ಕಳೆದರೂ ಹಳೆಯ ಅಳತೆಗಳು ಪೂರ್ತಿ ಹೋಗಿಲ್ಲ. ಗರ್ಭಗುಡಿಯ ಜೀರ್ಣೋದ್ಧಾರಕ್ಕೆ ಬಂದ ವಾಸ್ತುಶಿಲ್ಪಿಗಳು ಕೋಲು ಅಂಗುಲಗಳಲ್ಲಿ ಲೆಕ್ಕ ಹಾಕುತ್ತಾರೆ. 8 ಯವಕ್ಕೆ ಒಂದು ಅಂಗುಲ, 24 ಅಂಗುಲಕ್ಕೆ ಒಂದು ಕೋಲು. ಕೋಲು ಎಂದರೆ ಸುಮಾರು 72 ಸೆಂಟಿಮೀಟರ್. ಪಂಚಾಂಗದ ಗಳಿಗೆ ಈಗಲೂ 24 ನಿಮಿಷವೇ. ದಿನಕ್ಕೆ 60 ಗಳಿಗೆ. ಫ್ರಾನ್ಸಿನವರು 1793ರಲ್ಲಿ ದಿನಕ್ಕೆ ಹತ್ತೇ ಗಂಟೆ ಎಂದು ಮಾಡಿ, ನಡೆಯದೆ 1795ರಲ್ಲಿ ಕೈಬಿಟ್ಟರು. ಮಲ್ಲಿಗೆ ಹೂವಿಗೆ ಚೆಂಡು ಮತ್ತು ಅಟ್ಟೆ. 4 ಚೆಂಡಿಗೆ ಒಂದು ಅಟ್ಟೆ. ಚಿನ್ನಕ್ಕೆ ಪವನು, ಜಾಗಕ್ಕೆ ಸೆಂಟ್ಸ್. ತೆಂಗಿನಕಾಯಿ ಮಾತ್ರ ಎಣಿಕೆಯಿಂದ ತೂಕಕ್ಕೆ ಬಂದಿದೆ. ದೇವರಿಗೆ ಒಡೆಯುವ ಕಾಯಿಯನ್ನು ಎಣಿಸಿಯೇ ಕೊಡುತ್ತಾರೆ.

ಕೊನೆಯದಾಗಿ ತುಲಾಭಾರ ಸೇವೆಯನ್ನು ನೆನೆಯಬೇಕು. ಹಂಪೆಯಲ್ಲಿ ಅರಸರು ಚಿನ್ನದಿಂದ ತೂಗಿಸಿಕೊಂಡು ದಾನ ಮಾಡುತ್ತಿದ್ದರೆಂದು ಹೇಳುವ ಕಲ್ಲಿನ ತುಲಾಭಾರ ಕಮಾನು ಇಂದಿಗೂ ನಿಂತಿದೆ. ಉಡುಪಿಯಲ್ಲಿ, ಗುರುವಾಯೂರಿನಲ್ಲಿ ಸಾಮಾನ್ಯ ಭಕ್ತರೂ ಬೆಲ್ಲ, ಸಕ್ಕರೆ, ಬಾಳೆಹಣ್ಣುಗಳಿಂದ ಈ ಸೇವೆ ಮಾಡಿಸುತ್ತಾರೆ. ಆ ತಕ್ಕಡಿಗೆ ಸೇರೂ ಬೇಡ, ಕಿಲೋವೂ ಬೇಡ. ಒಂದು ತಟ್ಟೆಯಲ್ಲಿ ಮಗು, ಇನ್ನೊಂದು ತಟ್ಟೆಯಲ್ಲಿ ಬೆಲ್ಲ. ಎರಡೂ ಸಮವಾದರೆ ಸೇವೆ ಸಂದಿತು. ಮುಡಿ ಹೋಯಿತು, ಆಣೆ ಹೋಯಿತು, ರಾಜ್ಯದ ಗಡಿಯೂ ಬದಲಾಯಿತು. ಸಮ ಎಂಬುದು ಬದಲಾಗಲಿಲ್ಲ. ಅಂಗಡಿಯ ತಕ್ಕಡಿಯಲ್ಲಿಯೂ ಮನೆಯ ಹರಕೆಯಲ್ಲಿಯೂ ದೇವಸ್ಥಾನದ ಲೆಕ್ಕದಲ್ಲಿಯೂ ಹೇಳಿದಷ್ಟು ಅಳೆದುಕೊಡುವುದೇ ಹಿರಿಯರಿಂದ ಬಂದ ನಿಜವಾದ ಅಳತೆ. ಉಗ್ರಾಣದ ಮೂಲೆಯಲ್ಲಿರುವ ಕಳಸೆ ಸೇರುಗಳನ್ನು ಮಕ್ಕಳಿಗೆ ತೋರಿಸಿ ಈ ಮಾತನ್ನು ಹೇಳಿಕೊಟ್ಟರೆ ಉತ್ಸವಕ್ಕೆ ಬಂದದ್ದು ಸಾರ್ಥಕ.

ಶ್ರೀ ದೇವರು ಸಮಸ್ತ ಭಕ್ತಜನರಿಗೆ ಸನ್ಮಂಗಳವನ್ನುಂಟುಮಾಡಲಿ.